38 ಗಂಟೆಯ ಕೋರ್ಸ್, ಮಡಚಿದ ಒಂದು ಫೋಟೋ

ಆನ್‌ಲೈನ್‌ನಲ್ಲಿ ಫೋಟೋ ಎಡಿಟಿಂಗ್ ಕಲಿಯೋಕೆ ಒಳ್ಳೇ ಕೋರ್ಸ್ ಯಾವುದು ಅಂತ ಯಾರಾದರೂ ಕೇಳಿದರೆ ಮೊದಲೆಲ್ಲ ನಾನು ತಟ್ಟನೆ ಎರಡು ಹೆಸರು ಹೇಳಿಬಿಡುತ್ತಿದ್ದೆ. ಈಗ ಹೇಳುವುದಿಲ್ಲ. ನನ್ನ ಚಿಕ್ಕಮ್ಮನ ಪ್ರಕರಣ ಆದ ಮೇಲೆ ಆ ಅಭ್ಯಾಸ ಬಿಟ್ಟೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ನನ್ನ ಹೆಸರು ಹಾಕಬೇಡ. ಉಳಿದದ್ದೆಲ್ಲ ಬರಿ, ನೀನು ಮಾಡಿದ ತಪ್ಪನ್ನೂ ಬರಿ" ಎಂದಿದ್ದಾರೆ.

ಪರಿಸ್ಥಿತಿ

ಚಿಕ್ಕಮ್ಮನಿಗೆ 58 ವರ್ಷ. ಕಂಪ್ಯೂಟರ್ ಅವರಿಗೆ ಹೊಸದಲ್ಲ. ಕೆಲಸದ ಅಷ್ಟೂ ವರ್ಷ ಲೆಕ್ಕಪತ್ರ ನೋಡಿಕೊಂಡವರು, ಎಕ್ಸೆಲ್‌ನಲ್ಲಿ ನನಗಿಂತ ಚುರುಕು. ಮನೆಯ ಟ್ರಂಕಿನಲ್ಲಿ ಬಿದ್ದಿದ್ದ ಹಳೇ ಕಪ್ಪು-ಬಿಳುಪು ಫೋಟೋಗಳನ್ನೆಲ್ಲ ಅವರು ಸ್ಕ್ಯಾನ್ ಮಾಡಿಟ್ಟುಕೊಂಡಿದ್ದರು. ಒಟ್ಟು 212. ಗೀರು, ಕಲೆ, ಮಾಸಿದ್ದು, ಹಳದಿ ತಿರುಗಿದ್ದು, ಹುಳ ತಿಂದ ಅಂಚು, ಮಧ್ಯಕ್ಕೆ ಮಡಚಿ ಬಿರುಕು ಬಿಟ್ಟದ್ದು, ಎಲ್ಲವೂ ಅದರಲ್ಲಿದ್ದವು. ಅವನ್ನೆಲ್ಲ ತಾವೇ ಸರಿಮಾಡಿ, ಪ್ರಿಂಟ್ ಹಾಕಿಸಿ, ಅಕ್ಕತಂಗಿಯರಿಗೆ ಒಂದೊಂದು ಆಲ್ಬಂ ಕೊಡಬೇಕು ಅನ್ನುವುದು ಆಸೆ.

ನನಗೆ ಫೋನ್ ಮಾಡುವ ಹೊತ್ತಿಗೆ ಅವರು ಶುರುಮಾಡಿ ಏಳು ತಿಂಗಳಾಗಿತ್ತು. ಅಡೋಬಿ ಕಂಪನಿಯ ಫೋಟೋ ತಿದ್ದುವ ತಂತ್ರಾಂಶಗಳಾದ ಫೋಟೋಶಾಪ್ ಮತ್ತು ಲೈಟ್‌ರೂಮ್ ಎರಡೂ ಸೇರಿದ ಚಂದಾ ಕಟ್ಟಿದ್ದರು. 38 ಗಂಟೆಯ ಒಂದು ದೊಡ್ಡ ಕೋರ್ಸ್ ಕೊಂಡಿದ್ದರು. ಸೊನ್ನೆಯಿಂದ ಪರಿಣತಿವರೆಗೆ ಅನ್ನುತ್ತಾರಲ್ಲ, ಆ ಬಗೆಯದು. ಅದರಲ್ಲಿ 11 ಗಂಟೆ ನೋಡಿದ್ದರು. ಆಮೇಲೆ ನೋಡೋಣ ಅಂತ ಉಳಿಸಿಟ್ಟ ಯೂಟ್ಯೂಬ್ ವಿಡಿಯೋಗಳು 140 ದಾಟಿದ್ದವು. ಪೂರ್ತಿ ಸರಿಯಾದ ಫೋಟೋ ಮಾತ್ರ ಒಂದೂ ಇರಲಿಲ್ಲ.

"ಇನ್ನೊಂದು ಒಳ್ಳೇ ಕೋರ್ಸ್ ಇದ್ರೆ ಹೇಳೋ. ಇದ್ಯಾಕೋ ತಲೆಗೆ ಹೋಗ್ತಿಲ್ಲ" ಎಂದರು.

ನಾನು ಮಾಡಿದ ಮೊದಲ ತಪ್ಪು ಇಲ್ಲೇ. ಏನು, ಎತ್ತ ಅಂತ ಕೇಳದೆ, ನಾನು ಕಲಿತ ಕೋರ್ಸಿನ ಹೆಸರು ಹೇಳಿಬಿಟ್ಟೆ. ಅದು ನಿಜವಾಗಿಯೂ ಒಳ್ಳೇ ಕೋರ್ಸ್. ಆದರೆ ಅದು ಫ್ಯಾಷನ್ ಫೋಟೋ ತಿದ್ದುವವರಿಗೆ ಮಾಡಿದ್ದು. ಎರಡನೇ ಪಾಠದಲ್ಲೇ ಫ್ರೀಕ್ವೆನ್ಸಿ ಸೆಪರೇಷನ್ ಬರುತ್ತದೆ. ಅಂದರೆ ಚರ್ಮದ ಕಣಕಣ ಒಂದು ಲೇಯರಿನಲ್ಲಿ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥ ಪದರ), ಬಣ್ಣ ಮತ್ತು ನೆರಳು ಇನ್ನೊಂದರಲ್ಲಿ ಇಟ್ಟು ಬೇರೆಬೇರೆಯಾಗಿ ತಿದ್ದುವ ವಿಧಾನ. ಮಾಸಿ ಹೋದ, ಅಂಗೈಗಿಂತ ಚಿಕ್ಕ ಫೋಟೋ ಹಿಡಿದು ಕೂತವರಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಎರಡು ದಿನ ನೋಡಿ ಮತ್ತೆ ಫೋನ್ ಮಾಡಿದರು. ಈ ಸಲ ದನಿ ಸಣ್ಣಗಿತ್ತು. "ಬಿಡು, ಇದು ನನ್ನ ವಯಸ್ಸಿಗೆ ಆಗೋದಲ್ಲ ಅನ್ಸತ್ತೆ."

ಆಗ ಹೋಗಿ ಪಕ್ಕದಲ್ಲಿ ಕೂತೆ.

ಪಕ್ಕದಲ್ಲಿ ಕೂತಾಗ ಕಂಡದ್ದು

ನಾನು ಇಲ್ಲ ಅಂದುಕೊಂಡು, ದಿನಾ ಹೇಗೆ ಕಲಿಯುತ್ತೀರೋ ಹಾಗೇ ಮಾಡಿ ಎಂದೆ. ಅವರು ಕೋರ್ಸ್ ತೆರೆದರು. ಪಾಠ ನೋಡುವುದು, ನಿಲ್ಲಿಸುವುದು, ಫೋಟೋಶಾಪಿಗೆ ಬಂದು ಅದನ್ನೇ ಮಾಡುವುದು. ಕ್ರಮವೇನೋ ಸರಿಯಾಗೇ ಇತ್ತು.

ಆ ದಿನದ ಪಾಠ ಒಂದು ಚಿತ್ರದ ಅಳತೆ ಬದಲಿಸುವುದು. "ಮೂಲೆ ಹಿಡಿದು ಎಳೆಯುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಮುಖ ಎಳೆದ ಹಾಗಾಗುತ್ತದೆ" ಅಂತ ಪಾಠದಲ್ಲಿ ಹೇಳುತ್ತಿದ್ದರು. ಚಿಕ್ಕಮ್ಮ ಶಿಫ್ಟ್ ಒತ್ತಿ ಎಳೆದರು. ಮುಖ ಅಡ್ಡಡ್ಡ ಹಿಗ್ಗಿತು. ವಾಪಸ್ ತಂದು ಮತ್ತೆ ಎಳೆದರು. ಮತ್ತೆ ಹಿಗ್ಗಿತು. ಮೂರನೇ ಸಲ ಶಿಫ್ಟ್ ಕೀಲಿಯನ್ನು ಇನ್ನೂ ಜೋರಾಗಿ ಒತ್ತಿದರು. "ನೋಡಿದ್ಯಾ? ಅವರು ಹೇಳಿದ ಹಾಗೇ ಮಾಡ್ತೀನಿ, ಬರಲ್ಲ. ನನ್ನ ಕೈಯೇ ಸರಿಯಿಲ್ಲ ಕಣೋ."

ಕೈ ಸರಿಯಾಗೇ ಇತ್ತು. ಪಾಠ ಹಳೇದು. 2018ರ ಅಕ್ಟೋಬರ್‌ನಲ್ಲಿ ಬಂದ ಫೋಟೋಶಾಪ್ ಆವೃತ್ತಿಯಲ್ಲಿ ಅಡೋಬಿ ಈ ಪದ್ಧತಿಯನ್ನೇ ತಿರುಗುಮುರುಗು ಮಾಡಿತು. ಅದಕ್ಕೂ ಮೊದಲು ಉದ್ದಗಲದ ಪ್ರಮಾಣ ಕೆಡದಿರಲಿ ಅಂತ ಶಿಫ್ಟ್ ಒತ್ತಬೇಕಿತ್ತು. ಈಗ ಸುಮ್ನೆ ಎಳೆದರೇ ಪ್ರಮಾಣ ಉಳಿಯುತ್ತದೆ. ಶಿಫ್ಟ್ ಒತ್ತಿದರೆ ಕೆಡುತ್ತದೆ. ಮಾಡಿದ್ದನ್ನು ರದ್ದು ಮಾಡುವ ಕಂಟ್ರೋಲ್-ಝಡ್ ವರ್ತನೆ ಬದಲಾದದ್ದೂ ಅದೇ ಸಲ. ಮೊದಲು ಅದನ್ನು ಎರಡು ಸಲ ಒತ್ತಿದರೆ ಹಿಂದೆ ಹೋದದ್ದು ಮತ್ತೆ ಮುಂದೆ ಬರುತ್ತಿತ್ತು, ಈಗ ಒತ್ತಿದಷ್ಟೂ ಹಿಂದೆ ಹೋಗುತ್ತದೆ. ಕೋರ್ಸಿನ ಶೀರ್ಷಿಕೆಯಲ್ಲಿ ಹೊಸ ವರ್ಷವೇ ಇತ್ತು. ಶೀರ್ಷಿಕೆಯಲ್ಲಿ ವರ್ಷ ಬದಲಿಸೋಕೆ ಅರ್ಧ ನಿಮಿಷ ಸಾಕು. 38 ಗಂಟೆ ಮತ್ತೆ ರೆಕಾರ್ಡ್ ಮಾಡೋರು ಯಾರು?

ಮುಂದಿನ ಪಾಠಕ್ಕೆ ಹೋದೆವು. ಮೂಲ ಫೋಟೋ ಕೆಡದಿರಲಿ ಅಂತ ಅದರ ಮೇಲೊಂದು ಖಾಲಿ ಲೇಯರ್ ಹಾಕಿ, ಆ ಖಾಲಿ ಲೇಯರಿನಲ್ಲೇ ಹೀಲಿಂಗ್ ಬ್ರಷ್‌ನಿಂದ ಗೀರು ಅಳಿಸುವುದು. ಇದು ಒಳ್ಳೇ ಅಭ್ಯಾಸ. ಚಿಕ್ಕಮ್ಮ ಉಜ್ಜಿದರು, ಏನೂ ಆಗಲಿಲ್ಲ. ಪಾಠದಲ್ಲಿ ಗೀರು ಮಾಯವಾಗುತ್ತಿದೆ, ಇವರ ಪರದೆಯಲ್ಲಿ ಹಾಗೇ ಇದೆ. ಕಾರಣ ಮೇಲಿನ ಪಟ್ಟಿಯಲ್ಲಿರುವ ಒಂದು ಪುಟ್ಟ ಆಯ್ಕೆ. ಬ್ರಷ್ ಎಲ್ಲಿಂದ ಮಾದರಿ ಎತ್ತಿಕೊಳ್ಳಬೇಕು ಅನ್ನುವ ಕಡೆ ಈಗಿನ ಲೇಯರ್ ಅಂತ ಇದ್ದರೆ, ಖಾಲಿ ಲೇಯರಿನಿಂದ ಎತ್ತಿಕೊಳ್ಳಲು ಏನಿದೆ? ಖಾಲಿಯನ್ನು ತಂದು ಖಾಲಿಗೆ ಹಚ್ಚುತ್ತದೆ ಅಷ್ಟೇ. ಈಗಿನ ಮತ್ತು ಕೆಳಗಿನ ಲೇಯರ್ ಅಂತ ಇರಬೇಕು. ಪಾಠ ಹೇಳುವವರು ಅದನ್ನು ಯಾವತ್ತೋ ಬದಲಿಸಿಟ್ಟುಕೊಂಡಿದ್ದಾರೆ, ಮರೆತಿದ್ದಾರೆ, ಹೇಳಿಲ್ಲ. ಈ ಒಂದು ಗುಂಡಿಗಾಗಿ ಚಿಕ್ಕಮ್ಮ ಎರಡು ವಾರ ಕಳೆದಿದ್ದರು.

ಮೂರನೆಯದು ಲೈಟ್‌ರೂಮ್. ಯಾವುದೋ ವಿಡಿಯೋದಲ್ಲಿ "ಡೆವಲಪ್ ಮಾಡ್ಯೂಲ್‌ಗೆ ಹೋಗಿ" ಎನ್ನುತ್ತಾರೆ, ಇವರ ಲೈಟ್‌ರೂಮ್‌ನಲ್ಲಿ ಆ ಹೆಸರೇ ಇಲ್ಲ. 2017ರ ಅಕ್ಟೋಬರ್‌ನಲ್ಲಿ ಅಡೋಬಿ ಹಳೇ ಲೈಟ್‌ರೂಮ್‌ಗೆ ಲೈಟ್‌ರೂಮ್ ಕ್ಲಾಸಿಕ್ ಅಂತ ಹೆಸರಿಟ್ಟು, ಬೇರೆಯೇ ರೂಪದ ಹೊಸ ತಂತ್ರಾಂಶಕ್ಕೆ ಲೈಟ್‌ರೂಮ್ ಹೆಸರು ಕೊಟ್ಟಿತು. ಅವತ್ತಿಂದ ಇವತ್ತಿನವರೆಗೂ ಕಲಿಯುವವರು ಒಂದರ ಪಾಠ ನೋಡಿ ಇನ್ನೊಂದರಲ್ಲಿ ಹುಡುಕುತ್ತಾ ಕೂರುತ್ತಾರೆ.

ಒಂದೂವರೆ ಗಂಟೆಯಲ್ಲಿ ಮೂರು ಕಡೆ ಸಿಕ್ಕಿಬಿದ್ದರು. ಮೂರರಲ್ಲಿ ಒಂದಕ್ಕೂ ಅವರ ವಯಸ್ಸು ಅಥವಾ ತಲೆ ಕಾರಣವಾಗಿರಲಿಲ್ಲ. ಆದರೆ ಏಳು ತಿಂಗಳಿಂದ ಅವರು ತಮ್ಮನ್ನೇ ಬೈದುಕೊಂಡಿದ್ದರು. ಕೆಟ್ಟ ಪಾಠದಿಂದ ಆಗುವ ನಷ್ಟ ದುಡ್ಡಿನದು ಅಂತ ನಾನು ಅಂದುಕೊಂಡಿದ್ದೆ.

ಬ್ರೌಸರ್ ಮುಚ್ಚಿ

ಮುಂದಿನ ಭಾನುವಾರ ನಾನು ಹಾಕಿದ ಷರತ್ತು ಒಂದೇ: ಇವತ್ತು ಯಾವ ಕೋರ್ಸನ್ನೂ ಹುಡುಕೋದು ಬೇಡ, ಫೋಟೋ ನೋಡೋಣ.

212 ಫೋಟೋಗಳನ್ನೂ ಒಂದೊಂದಾಗಿ ತೆರೆದು, ಎಕ್ಸೆಲ್ ಹಾಳೆಯಲ್ಲಿ ಯಾವುದಕ್ಕೆ ಏನು ಕಾಯಿಲೆ ಅಂತ ಬರೆದೆವು. ಇಲ್ಲಿ ಚಿಕ್ಕಮ್ಮ ತಮ್ಮ ಹಳೇ ಫಾರ್ಮಿಗೆ ಬಂದರು. ಕಾಲಂ ಹಾಕಿದ್ದು, ಬಣ್ಣ ಕೊಟ್ಟದ್ದು, ಕೊನೆಗೆ ಎಣಿಸಿದ್ದು ಎಲ್ಲ ಅವರೇ. ಮಾಸಿದ್ದು ಅಥವಾ ಹಳದಿಯಾದದ್ದು 168. ಸಣ್ಣ ಗೀರು, ಧೂಳು 131. ಮಡಚಿ ಬಿರುಕು ಬಿಟ್ಟದ್ದು 37. ಅಂಚು ಅಥವಾ ಮೂಲೆ ಹೋದದ್ದು 14. ಎರಡು ತುಂಡಾದದ್ದು 3. ಒಂದೇ ಫೋಟೋಗೆ ಎರಡು ಮೂರು ಕಾಯಿಲೆ ಇರುವುದರಿಂದ ಕೂಡಿದರೆ ಜಾಸ್ತಿ ಬರುತ್ತದೆ.

ಈ ಹಾಳೆ ಮುಂದಿಟ್ಟುಕೊಂಡರೆ ಏನು ಕಲಿಯಬೇಕು ಅನ್ನುವುದು ಚಿಕ್ಕ ಚೀಟಿಯಲ್ಲಿ ಹಿಡಿಯುವಷ್ಟಾಯಿತು. ಮಾಸಿದ್ದಕ್ಕೆ ಲೆವೆಲ್ಸ್ ಮತ್ತು ಕರ್ವ್ಸ್, ಅಂದರೆ ಕಪ್ಪು-ಬಿಳುಪಿನ ಹರವು ಸರಿಹೊಂದಿಸುವ ಸಲಕರಣೆಗಳು. ಧೂಳಿಗೆ ಸ್ಪಾಟ್ ಹೀಲಿಂಗ್. ಮಡಿಕೆಗೆ ಹೀಲಿಂಗ್ ಬ್ರಷ್, ಕ್ಲೋನ್ ಸ್ಟ್ಯಾಂಪ್. ಇವೆಲ್ಲಕ್ಕೂ ಆಧಾರವಾಗಿ ಲೇಯರ್ ಮತ್ತು ಮಾಸ್ಕ್ (ಲೇಯರಿನ ಬೇಡವಾದ ಭಾಗವನ್ನು ಅಳಿಸದೆ ಮರೆಮಾಡುವುದು). ಕೊನೆಗೆ ಪ್ರಿಂಟ್‌ಗೆ ಹೇಗೆ ಉಳಿಸಬೇಕು ಅನ್ನುವುದು. ಅಷ್ಟೇ.

ಆಮೇಲೆ 38 ಗಂಟೆಯ ಕೋರ್ಸಿನ ವಿಷಯಸೂಚಿ ತೆಗೆದು ಈ ಚೀಟಿಯ ಜೊತೆ ತಾಳೆ ನೋಡಿದೆವು. ಕೆಲಸಕ್ಕೆ ಬರುವುದು ಸುಮಾರು ಐದೂವರೆ ಗಂಟೆ. ಉಳಿದದ್ದು ಪೋಸ್ಟರ್, ವೆಬ್ ಬ್ಯಾನರ್, ಹೊಳೆಯುವ ಅಕ್ಷರ, ಮತ್ತು 3ಡಿ. ಆ 3ಡಿ ಸೌಲಭ್ಯವನ್ನಂತೂ ಅಡೋಬಿ ಫೋಟೋಶಾಪ್‌ನಿಂದ ಹಿಂತೆಗೆದುಕೊಂಡು ವರ್ಷಗಳೇ ಆದವು.

ಇಲ್ಲಿ ಸ್ವಲ್ಪ ಹಳೇ ಕಥೆ. ಫೋಟೋಶಾಪ್ ಹುಟ್ಟಿದ್ದೇ ಚಿಕ್ಕಮ್ಮನ ಹತ್ತಿರ ಇದ್ದಂಥ ಚಿತ್ರಗಳಿಂದ. 1987ರಲ್ಲಿ ಥಾಮಸ್ ನೋಲ್ ಅನ್ನುವ ವಿದ್ಯಾರ್ಥಿ ಕಪ್ಪು-ಬಿಳುಪು ಮಾನಿಟರ್ ಮೇಲೆ ಬೂದುಛಾಯೆಯ ಚಿತ್ರ ತೋರಿಸಲು ಒಂದು ಪ್ರೋಗ್ರಾಂ ಬರೆದ. ಅಣ್ಣತಮ್ಮಂದಿರು ಸೇರಿ ಬೆಳೆಸಿದ ಅದೇ ಪ್ರೋಗ್ರಾಂ 1990ರ ಫೆಬ್ರುವರಿಯಲ್ಲಿ ಫೋಟೋಶಾಪ್ 1.0 ಆಗಿ ಬಂತು. ಲೇಯರ್ ಬಂದದ್ದು 1994ರಲ್ಲಿ, 3.0 ಆವೃತ್ತಿಗೆ. ಹೀಲಿಂಗ್ ಬ್ರಷ್ 2002ರಲ್ಲಿ, ಸ್ಪಾಟ್ ಹೀಲಿಂಗ್ 2005ರಲ್ಲಿ. ಅಂದರೆ ಚೀಟಿಯಲ್ಲಿದ್ದ ಸಲಕರಣೆಗಳೆಲ್ಲ ಇಪ್ಪತ್ತು ವರ್ಷಕ್ಕಿಂತ ಹಳೆಯವು. ಅವು ಕೆಲಸ ಮಾಡುವ ರೀತಿ ಹೆಚ್ಚು ಬದಲಾಗಿಲ್ಲ, ಅವನ್ನು ಇಟ್ಟಿರುವ ಜಾಗ, ಗುಂಡಿ, ಕೀಲಿ ಬದಲಾಗಿವೆ. ಆದ್ದರಿಂದ ಯಾಕೆ ಅಂತ ಹೇಳುವ ಪಾಠ ಹಳೇದಾದರೂ ನಡೆಯುತ್ತದೆ. ಎಲ್ಲಿ ಒತ್ತಬೇಕು ಅಂತ ಮಾತ್ರ ಹೇಳುವ ಪಾಠ ಎರಡು ವರ್ಷಕ್ಕೇ ಹಳಸುತ್ತದೆ.

ನಡುವೆ ಚಿಕ್ಕಮ್ಮ ಕೇಳಿದರು: "ಇಷ್ಟೇ ಸಾಕು ಅಂದ್ರೆ, ಬಿಟ್ಟಿ ಸಿಗುತ್ತಲ್ಲ ಗಿಂಪ್, ಅದೇ ಸಾಕಲ್ವಾ?" ಸಾಕು. ಹೀಲ್, ಕ್ಲೋನ್, ಲೆವೆಲ್ಸ್, ಮಾಸ್ಕ್ ಎಲ್ಲ ಅದರಲ್ಲೂ ಇವೆ. ಅವರು ಚಂದಾ ಕಟ್ಟಿರದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಗಿಂಪ್ 3.0 ಬಂದದ್ದು 2025ರ ಮಾರ್ಚ್‌ನಲ್ಲಿ, ಅದರ ಹಿಂದಿನ ದೊಡ್ಡ ಆವೃತ್ತಿ 2.10 ಬಂದದ್ದು 2018ರಲ್ಲಿ. ಹುಡುಕಿದರೆ ಸಿಗುವ ಪಾಠಗಳಲ್ಲಿ ಬಹಳಷ್ಟು ಹಳೇದಕ್ಕೆ ಮಾಡಿದವು. ಶಿಫ್ಟ್ ಕೀಲಿಯ ಕಥೆ ಅಲ್ಲೂ ಶುರುವಾಗುವುದು ಬೇಡ ಅಂತ ಇದ್ದದ್ದರಲ್ಲೇ ಉಳಿದೆವು.

ಹತ್ತು ನಿಮಿಷದ ಪರೀಕ್ಷೆ

212ರಲ್ಲಿ ಒಂದು ಫೋಟೋವನ್ನು ಪರೀಕ್ಷೆಗೆ ಅಂತ ಆರಿಸಿದೆವು. ನನ್ನ ಅಜ್ಜ, ಅಂದರೆ ಚಿಕ್ಕಮ್ಮನ ಅಪ್ಪ, ಯುವಕನಾಗಿದ್ದಾಗ ಕುರ್ಚಿಯ ಮೇಲೆ ಕೂತು ತೆಗೆಸಿಕೊಂಡದ್ದು. ಮಾಸಿದೆ, ಹಳದಿಯಾಗಿದೆ, ಮಡಚಿದ ಗೆರೆ ಎಡಗಣ್ಣಿನಿಂದ ಕೆನ್ನೆ ದಾಟಿ ಕೋಟಿನ ಕಾಲರ್‌ವರೆಗೆ ಇಳಿದಿದೆ. ಸುಮಾರಾಗಿ ಎಲ್ಲ ಕಾಯಿಲೆಯೂ ಇದ್ದ ಫೋಟೋ.

ಅಭ್ಯರ್ಥಿಗಳು ಒಂಬತ್ತು. ದುಡ್ಡು ಕೊಡುವ ಕೋರ್ಸ್‌ಗಳು ನಾಲ್ಕು, ಯೂಟ್ಯೂಬ್ ಪ್ಲೇಲಿಸ್ಟ್‌ಗಳು ನಾಲ್ಕು, ಇನ್ನೊಂದು ಅಡೋಬಿಯೇ ತನ್ನ ತಾಣದಲ್ಲಿ ಉಚಿತವಾಗಿ ಇಟ್ಟಿರುವ ಪಾಠಗಳು. ಪ್ರತಿಯೊಂದರಲ್ಲೂ ಪರಿಚಯದ ಪಾಠ ಬಿಟ್ಟೆವು. ಪರಿಚಯದಲ್ಲಿ ಎಲ್ಲರೂ ಚೆನ್ನಾಗೇ ಮಾತಾಡುತ್ತಾರೆ. ನೇರ ಗೀರು ತೆಗೆಯುವ ಪಾಠಕ್ಕೆ ಹೋಗಿ ಹತ್ತು ನಿಮಿಷ ನೋಡುವುದು, ನಿಲ್ಲಿಸುವುದು, ಅಜ್ಜನ ಫೋಟೋ ಮೇಲೆ ಅದನ್ನೇ ಮಾಡುವುದು. ಕೊಳ್ಳುವ ಮೊದಲು ಒಂದೆರಡು ಪಾಠ ತೋರಿಸದ ಕೋರ್ಸನ್ನು ಅಲ್ಲೇ ಕೈಬಿಟ್ಟೆವು. ಅಂಥದ್ದು ಒಂದಿತ್ತು.

ರೆಕಾರ್ಡ್ ಮಾಡಿದ ಕಾಲವನ್ನು ಪರದೆ ನೋಡಿಯೇ ಹೇಳಬಹುದು. ಚಿತ್ರದ ಕೆಳಗೆ ತೇಲುವ ಒಂದು ಸಣ್ಣ ಪಟ್ಟಿ ಕಂಡರೆ ಅದು 2023 ಅಥವಾ ಆಮೇಲಿನದು. ಪಟ್ಟಿಯನ್ನು ಮುಚ್ಚಿಡಬಹುದು, ಹಾಗಾಗಿ ಕಾಣದಿದ್ದರೆ ಹಳೇದೇ ಅಂತ ಹೇಳುವಂತಿಲ್ಲ. ಪ್ರಶ್ನೆ ಕೇಳುವ ಜಾಗ ಇದ್ದರೆ ಅಲ್ಲಿ ಬೋಧಕರು ಕೊನೆಯ ಸಲ ಯಾವಾಗ ಉತ್ತರ ಕೊಟ್ಟಿದ್ದಾರೆ ಅಂತಲೂ ನೋಡಿದೆವು. ನಕ್ಷತ್ರಗಳ ಸಂಖ್ಯೆ ನೋಡಲಿಲ್ಲ. ಚಿಕ್ಕಮ್ಮ ಕೂಡ ಆ 38 ಗಂಟೆಯ ಕೋರ್ಸಿಗೆ ಐದು ನಕ್ಷತ್ರ ಕೊಟ್ಟಿದ್ದರಂತೆ, ಮೂರನೇ ಪಾಠದ ಹೊತ್ತಿಗೆ! "ಪಾಪ, ಚೆನ್ನಾಗಿ ಮಾತಾಡ್ತಿದ್ರು" ಎಂದರು.

ಇದೆಲ್ಲಕ್ಕಿಂತ ಮುಖ್ಯವಾಗಿ ತೂಗಿದ್ದು ಇಬ್ಬರು ಬೋಧಕರ ನಡುವಿನ ಒಂದು ವ್ಯತ್ಯಾಸ. ಇಬ್ಬರೂ ಹೆಚ್ಚುಕಡಿಮೆ ಒಂದೇ ಕೆಲಸ ತೋರಿಸುತ್ತಿದ್ದರು. ಬಿಳಿ ಕಾಲರ್ ಪಕ್ಕದಲ್ಲೇ ಹಾದುಹೋದ ಗೀರು ತೆಗೆಯುವುದು. ಮೊದಲನೆಯವರು ಹೀಲಿಂಗ್ ಬ್ರಷ್ ಹಿಡಿದು "ಹೀಗೆ ಉಜ್ಜಿ, ಆಯ್ತು" ಎಂದರು. ಅವರ ಚಿತ್ರದಲ್ಲಿ ಆಯಿತು. ಚಿಕ್ಕಮ್ಮ ಅಜ್ಜನ ಕಾಲರ್ ಹತ್ತಿರ ಉಜ್ಜಿದಾಗ ಮಸಿ ಮೆತ್ತಿದ ಹಾಗೆ ಕಪ್ಪು ಕಲೆ ಬಂತು.

ಎರಡನೆಯವರ ಪಾಠದಲ್ಲಿ ಅವರಿಗೇ ಆ ಕಲೆ ಬಂತು. ಅವರು ಅದನ್ನು ಕತ್ತರಿಸಿ ಹಾಕದೆ ಅಲ್ಲೇ ನಿಂತು ವಿವರಿಸಿದರು. ಹೀಲಿಂಗ್ ಬ್ರಷ್ ನೀವು ತೋರಿಸಿದ ಕಡೆಯಿಂದ ಕಣಕಣದ ವಿನ್ಯಾಸ ಮಾತ್ರ ತರುತ್ತದೆ. ಬಣ್ಣ, ಬೆಳಕನ್ನು ಉಜ್ಜಿದ ಜಾಗದ ಸುತ್ತಮುತ್ತಲಿನಿಂದ ತೆಗೆದುಕೊಂಡು ಬೆರೆಸುತ್ತದೆ. ಪಕ್ಕದಲ್ಲೇ ಕಪ್ಪು ಕೋಟು ಇದ್ದರೆ ಆ ಕಪ್ಪೂ ಒಳಗೆ ಸೋರುತ್ತದೆ. ಆದ್ದರಿಂದ ಅಂಚಿನ ಹತ್ತಿರ ಕ್ಲೋನ್ ಸ್ಟ್ಯಾಂಪ್ ಹಿಡಿಯಿರಿ, ಅದು ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುತ್ತದೆ, ಬೆರೆಸುವುದಿಲ್ಲ. ಅಂಚಿನಿಂದ ದೂರ ಬಂದ ಮೇಲೆ ಮತ್ತೆ ಹೀಲಿಂಗ್. ಇಷ್ಟು ಹೇಳಲು ನಾಲ್ಕು ನಿಮಿಷ ತೆಗೆದುಕೊಂಡರು.

ಚಿಕ್ಕಮ್ಮ ಕ್ಲೋನ್ ಸ್ಟ್ಯಾಂಪ್ ಹಿಡಿದರು. ಕಾಲರ್ ಅಂಚು ನೆಟ್ಟಗೆ ಉಳಿಯಿತು. ಏಳು ತಿಂಗಳಲ್ಲಿ ಅವರ ಫೋಟೋದಲ್ಲಿ ಮೊದಲ ಬಾರಿಗೆ ಏನೋ ಒಂದು ಸರಿಯಾಗಿತ್ತು. "ಅವರೂ ಕೆಡಿಸಿಕೊಂಡ್ರಲ್ಲ, ಅದು ನೋಡಿ ಧೈರ್ಯ ಬಂತು" ಎಂದರು.

ಅವತ್ತಿಂದ ನಾನು ಬೋಧಕರಲ್ಲಿ ಮೊದಲು ನೋಡುವುದು ಇದನ್ನೇ, ಅವರು ಎಡವುತ್ತಾರೋ ಇಲ್ಲವೋ. ನುಣ್ಣಗೆ ಎಡಿಟ್ ಮಾಡಿದ, ಒಂದೂ ತಪ್ಪಿಲ್ಲದ ಪಾಠ ನೋಡಲು ಸೊಗಸು. ಆದರೆ ಕಲಿಯುವವರಿಗೆ ಬೇಕಾದದ್ದು ಅದು ಕೆಟ್ಟಾಗ ಏನು ಮಾಡಬೇಕು ಅನ್ನುವುದು. ಅದೇ ಅಂಥ ಪಾಠದಲ್ಲಿ ಕತ್ತರಿಗೆ ಸಿಕ್ಕಿ ಹೋಗಿರುತ್ತದೆ. ಅಭ್ಯಾಸಕ್ಕೆ ಕೊಡುವ ಫೈಲ್‌ಗಳೂ ಹಾಗೇ. ನಯವಾದ ಆಕಾಶದ ಮೇಲೆ ಎರಡು ಬಿಳಿ ಗೀರು ಎಳೆದು ಕೊಟ್ಟಿರುತ್ತಾರೆ. ಅದನ್ನು ಯಾರು ಬೇಕಾದರೂ ಅಳಿಸಬಹುದು, ಅಲ್ವಾ?

ಒಂಬತ್ತರಲ್ಲಿ ಉಳಿದದ್ದು ಎರಡು. ಹಳೇ ಫೋಟೋ ದುರಸ್ತಿಯನ್ನೇ ಕಸುಬಾಗಿ ಮಾಡುವ ಆ ಎರಡನೇ ಬೋಧಕರ ನಾಲ್ಕು ಗಂಟೆಯ ಚಿಕ್ಕ ಕೋರ್ಸ್, ಮತ್ತು ಲೇಯರ್, ಮಾಸ್ಕ್ ಕಲಿಯಲು ಅಡೋಬಿಯ ಉಚಿತ ಪಾಠಗಳು. ಕೋರ್ಸಿನ ಹೆಸರು ಬೇಕೆಂದೇ ಬರೆಯುತ್ತಿಲ್ಲ. ನಿಮ್ಮ ಟ್ರಂಕಿನಲ್ಲಿ ಬೇರೆ ಫೋಟೋ ಇರುತ್ತವೆ.

ತಾಣಗಳ ಬಗ್ಗೆ ಎರಡು ಮಾತು ಹೇಳಬಹುದು. 1995ರಲ್ಲಿ ಲಿಂಡಾ ಡಾಟ್ ಕಾಮ್ ಆಗಿ ಹುಟ್ಟಿ, 2015ರಲ್ಲಿ ಲಿಂಕ್ಡ್‌ಇನ್ ಕೈಗೆ ಹೋದ ಲಿಂಕ್ಡ್‌ಇನ್ ಲರ್ನಿಂಗ್‌ನಂಥ ಕಡೆ ಪಾಠಗಳು ಚಿಕ್ಕಚಿಕ್ಕದಾಗಿ, ಕ್ರಮವಾಗಿ ಇರುತ್ತವೆ. ಯೂಡೆಮಿಯಂಥ ಸಂತೆಯಲ್ಲಿ ಯಾರು ಬೇಕಾದರೂ ಅಂಗಡಿ ಹಾಕಬಹುದು, ಹಾಗಾಗಿ ಅಲ್ಲಿ ತಾಣ ಚೆನ್ನಾಗಿದೆಯಾ ಅಂತ ಕೇಳುವುದಕ್ಕೆ ಅರ್ಥವಿಲ್ಲ, ಬೋಧಕರು ಹೇಗೆ ಅಂತ ಕೇಳಬೇಕು. ಯೂಟ್ಯೂಬ್ ನಿಘಂಟಿನ ಹಾಗೆ. ಹುಡುಕಬೇಕಾದ ಪದ ಗೊತ್ತಿದ್ದರೆ ಕ್ಷಣದಲ್ಲಿ ಅರ್ಥ ಸಿಗುತ್ತದೆ. ನಿಘಂಟನ್ನೇ ಮೊದಲಿಂದ ಕೊನೆವರೆಗೆ ಓದಿ ಭಾಷೆ ಕಲಿಯಲು ಹೊರಟರೆ ಉಳಿಸಿಟ್ಟ ವಿಡಿಯೋ 140 ಆಗುತ್ತವೆ.

ಆರು ವಾರ

ದಿನಕ್ಕೆ ಒಂದು ಗಂಟೆ. ಅದರಲ್ಲಿ 20 ನಿಮಿಷ ಪಾಠ, 40 ನಿಮಿಷ ತಮ್ಮದೇ ಫೋಟೋ. ವಿಡಿಯೋ ವೇಗ ಮುಕ್ಕಾಲಿಗೆ ಇಳಿಸಿ, ಅಕ್ಷರ ತೋರಿಸುವ ಸೌಲಭ್ಯ ಹಾಕಿಕೊಂಡರು. ಈ ಎರಡರಿಂದಲೇ ಅರ್ಧ ತೊಂದರೆ ಹೋಯಿತು ಅಂತ ಈಗಲೂ ಹೇಳುತ್ತಾರೆ.

ಮೊದಲ ವಾರವೇ ಒಂದು ಪೆಟ್ಟು ಬಿತ್ತು. ಆ ಬೋಧಕರ ಮೊದಲ ಪಾಠ ಫೋಟೋಶಾಪ್ ಬಗ್ಗೆ ಅಲ್ಲ, ಸ್ಕ್ಯಾನರ್ ಬಗ್ಗೆ. ಚಿಕ್ಕಮ್ಮನ ಸ್ಕ್ಯಾನ್‌ಗಳೆಲ್ಲ 300 ಪಿಪಿಐ (ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನುವ ಲೆಕ್ಕ), ಜೆಪೆಗ್. ಎರಡು ಇಂಚು ಅಗಲ, ಮೂರು ಇಂಚು ಎತ್ತರದ ಫೋಟೋ ಹಾಗೆ ಸ್ಕ್ಯಾನ್ ಆದರೆ ಸಿಗುವುದು 600ಕ್ಕೆ 900 ಪಿಕ್ಸೆಲ್. ಅದೇ ಫೋಟೋ 1200 ಪಿಪಿಐನಲ್ಲಿ 2400ಕ್ಕೆ 3600. ಇದನ್ನು ಪ್ರಿಂಟ್‌ಗೆ ಬೇಕಾದ 300ರಿಂದ ಭಾಗಿಸಿದರೆ 8ಕ್ಕೆ 12 ಇಂಚಿನ ಪ್ರಿಂಟ್ ಬರುತ್ತದೆ. ಮೊದಲಿನದರಲ್ಲಿ ಮತ್ತೆ ಎರಡಕ್ಕೆ ಮೂರೇ. ಲೆಕ್ಕ ಅವರೇ ಹಾಕಿದರು, ಹಾಕಿ ಸುಮ್ಮನಾದರು.

ಇನ್ನೊಂದು ವಿಷಯ ಛಾಯೆಗಳದ್ದು. ಜೆಪೆಗ್ 8 ಬಿಟ್, ಅಂದರೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. ಮಾಸಿದ ಫೋಟೋದಲ್ಲಿ ಅಚ್ಚ ಕಪ್ಪೂ ಇಲ್ಲ, ಅಚ್ಚ ಬಿಳಿಯೂ ಇಲ್ಲ. ಇರುವುದೆಲ್ಲ ನಡುವಿನ ಬೂದು. ಅಜ್ಜನ ಫೋಟೋ ಹೆಚ್ಚುಕಡಿಮೆ 90 ಮೆಟ್ಟಿಲಲ್ಲಿ ಕೂತಿತ್ತು. ಲೆವೆಲ್ಸ್‌ನಲ್ಲಿ ಅದನ್ನು ಎರಡೂ ಕಡೆ ಎಳೆದು 256ಕ್ಕೆ ಹರಡಿದಾಗ ಹಿಸ್ಟೋಗ್ರಾಂ (ಯಾವ ಛಾಯೆ ಎಷ್ಟಿದೆ ಅಂತ ತೋರಿಸುವ ನಕ್ಷೆ) ಬಾಚಣಿಗೆಯ ಹಾಗೆ ಹಲ್ಲುಹಲ್ಲಾಯಿತು. ಹಿಂದಿನ ಗೋಡೆಯಲ್ಲಿ ಪಟ್ಟೆಪಟ್ಟೆ ಕಂಡಿತು. ಮೆಟ್ಟಿಲುಗಳು ಬಹಳ ಹೆಚ್ಚಿರುವ 16 ಬಿಟ್‌ನಲ್ಲಿ, ಟಿಫ್ ಫೈಲ್ ಆಗಿ ಮತ್ತೆ ಸ್ಕ್ಯಾನ್ ಮಾಡಿ ಅದೇ ಎಳೆತ ಎಳೆದರು. ಬಾಚಣಿಗೆ ಇಲ್ಲ, ಪಟ್ಟೆ ಇಲ್ಲ. 38 ಗಂಟೆಯ ಕೋರ್ಸಿನ ಸೂಚಿಯಲ್ಲಿ ಸ್ಕ್ಯಾನರ್ ಅನ್ನುವ ಪದವೇ ಇರಲಿಲ್ಲ. ತಪ್ಪೂ ಅಲ್ಲ, ಅದು ಈಗಿನ ಕ್ಯಾಮೆರಾದಲ್ಲಿ ತೆಗೆದ ಫೋಟೋಗಳಿಗೆ ಮಾಡಿದ್ದು. ಚಿಕ್ಕಮ್ಮ ಗಾಜು ಒರೆಸಿ, ಮುಖ್ಯವಾದ 30 ಫೋಟೋಗಳನ್ನು ಮತ್ತೆ ಸ್ಕ್ಯಾನ್ ಮಾಡಿದರು. ಉಳಿದದ್ದು ನಿಧಾನಕ್ಕೆ ಎಂದರು.

ಎರಡನೇ ವಾರ ಲೇಯರ್, ಮಾಸ್ಕ್. ಹೆಚ್ಚು ಹೇಳುವುದಿಲ್ಲ, ಬಂತು.

ಮೂರನೇ ವಾರ ಐದು ದಿನ ಮುಟ್ಟಲಿಲ್ಲ. ಅಜ್ಜನ ಮುಖ ಪ್ಲಾಸ್ಟಿಕ್ ಆಗಿದೆ, ಎಲ್ಲಿ ಹಾಗಾಯಿತು ಅಂತ ಗೊತ್ತಾಗುತ್ತಿಲ್ಲ ಎಂದರು. ರೆಕಾರ್ಡ್ ಮಾಡಿದ ಪಾಠ ಹೇಳುತ್ತದೆ, ಆದರೆ ನಮ್ಮ ಕೆಲಸ ನೋಡುವುದಿಲ್ಲ. ಇದಕ್ಕೆ ನಾವು ಮಾಡಿಕೊಂಡ ಏರ್ಪಾಡು ಹೀಗಿತ್ತು: ಒಂದು ಫೋಟೋ ಮುಗಿದರೆ ಮೊದಲಿನದು, ಆಮೇಲಿನದು ಎರಡನ್ನೂ 100 ಶೇಕಡಾ ಗಾತ್ರದಲ್ಲಿ ಕತ್ತರಿಸಿ ನನಗೆ ಕಳಿಸುವುದು. ನಾನು ಒಂದೇ ಒಂದು ಮಾತು ಹೇಳುವುದು. ಎರಡು ಹೇಳಿದರೆ ಎರಡೂ ಹೋಗುತ್ತವೆ. ಈ ಸಲ ಹೇಳಿದ್ದು, ಕೆನ್ನೆಯ ಮೇಲಿನ ಸುಕ್ಕಿಗೂ ಫೋಟೋದ ಗೀರಿಗೂ ವ್ಯತ್ಯಾಸ ನೋಡದೆ ಎರಡನ್ನೂ ಉಜ್ಜಿದ್ದೀರಿ. ಬೇರೆ ಲೇಯರಿನಲ್ಲಿ ಮಾಡಿದ್ದರಿಂದ ಸುಕ್ಕು ಇದ್ದ ಕಡೆ ಮಾತ್ರ ಅಳಿಸಿ ವಾಪಸ್ ತಂದರು. ಆ ಕೋರ್ಸಿನಿಂದ ಕಲಿತ ಒಂದು ಉಪಾಯ ಆಮೇಲೆ ನನ್ನ ಕೆಲಸಕ್ಕೂ ಬಂತು. ಮುಗಿಯಿತು ಅನ್ನಿಸಿದಾಗ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿಸಿ ನೋಡುವುದು. ಕಣ್ಣಿಗೆ ರೂಢಿಯಾದ ಕಲೆಗಳೆಲ್ಲ ಎದ್ದು ಕಾಣುತ್ತವೆ.

ಐದನೇ ವಾರ ಅವರೇ ಒಂದು ಹೊಸ ಗುಂಡಿ ಹುಡುಕಿದರು. ಫೋಟೋಶಾಪ್‌ನ ನ್ಯೂರಲ್ ಫಿಲ್ಟರ್‌ಗಳಲ್ಲಿ (ಎಐ ನಡೆಸುವ ಸೌಲಭ್ಯಗಳು) ಫೋಟೋ ರೆಸ್ಟೋರೇಷನ್ ಅಂತ ಒಂದಿದೆ, 2022ರ ಅಕ್ಟೋಬರ್‌ನಲ್ಲಿ ಸೇರಿಸಿದ್ದು. ಒಂದು ಕ್ಲಿಕ್, ಸ್ವಲ್ಪ ಕಾಯುವುದು, ಗೀರೆಲ್ಲ ಮಾಯ. ಸಂಭ್ರಮದಿಂದ ನನಗೆ ಕಳಿಸಿದರು. ಹತ್ತು ನಿಮಿಷದ ಮೇಲೆ ಫೋನ್ ಬಂತು.

"ಚೆನ್ನಾಗಿದೆ. ಆದ್ರೆ ಇದು ಅಪ್ಪ ಅಲ್ಲ ಕಣೋ."

ನಿಜ. ಕಣ್ಣಿನ ಅಂಚು ನಯವಾಗಿ, ಎಡ ಹುಬ್ಬು ಸ್ವಲ್ಪ ಬೇರೆಯಾಗಿ, ಯಾರೋ ದೂರದ ನೆಂಟರ ಹಾಗೆ ಕಾಣುತ್ತಿದ್ದರು. ಹಾಗಂತ ಆ ಫಿಲ್ಟರನ್ನು ಎಸೆಯಲಿಲ್ಲ. ಅದರ ಫಲಿತಾಂಶವನ್ನು ಬೇರೆ ಲೇಯರಿಗೆ ಹಾಕಿ, ಮಾಸ್ಕ್‌ನಿಂದ ಮುಖ ಮುಚ್ಚಿ, ಗೋಡೆ ಮತ್ತು ಕುರ್ಚಿಗೆ ಮಾತ್ರ ಅದನ್ನು ಬಳಸಿದರು. ಮುಖ ಕೈಯಲ್ಲೇ ಮಾಡಿದರು. ಇದನ್ನು ಯಾವ ಪಾಠವೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಆರು ವಾರದ ಕೊನೆಗೆ ಎಕ್ಸೆಲ್ ಹಾಳೆಯಲ್ಲಿ ಒಂಬತ್ತು ಸಾಲು ಹಸಿರಾಗಿದ್ದವು. ಮೊದಲ ಫೋಟೋಗೆ ಐದು ಗಂಟೆ ಹಿಡಿದಿತ್ತು, ಒಂಬತ್ತನೆಯದಕ್ಕೆ 50 ನಿಮಿಷ.

ಆಮೇಲೆ

ಈ ಪ್ರಕರಣ ಎಲ್ಲರಿಗೂ ಹೀಗೇ ಒಪ್ಪುತ್ತದೆ ಅಂತಲ್ಲ. ಚಿಕ್ಕಮ್ಮನಿಗೆ ಸರಿಮಾಡಬೇಕಾದ ಫೋಟೋಗಳು ಮೊದಲೇ ಕೈಯಲ್ಲಿದ್ದವು. ಏನು ಮಾಡಬೇಕು ಅಂತಲೇ ಗೊತ್ತಿಲ್ಲದೆ, ಸುಮ್ನೆ ಫೋಟೋಶಾಪ್ ಬರಲಿ ಅಂತ ಹೊರಟವರಿಗೆ ಕಾಯಿಲೆಯ ಪಟ್ಟಿ ಮಾಡುವುದು ಕಷ್ಟ. ಅಂಥವರು ಮೊದಲು ಒಂದು ವಾರ ತಾವು ತೆಗೆದ ಹತ್ತು ಫೋಟೋ ಮುಂದಿಟ್ಟುಕೊಂಡು, ಇದರಲ್ಲಿ ನನಗೆ ಏನು ಇಷ್ಟವಾಗುತ್ತಿಲ್ಲ ಅಂತ ಬರೆದರೆ ಒಳ್ಳೇದು ಅನ್ನುವುದು ನನ್ನ ಅಂದಾಜು. ಮತ್ತೆ, ಅವರ ಕೆಲಸ ನೋಡಿ ಒಂದು ಮಾತು ಹೇಳಲು ನಾನಿದ್ದೆ. ಯಾರೂ ಇಲ್ಲದಿದ್ದರೆ, ಕಲಿಯುವವರ ಕೆಲಸ ನೋಡಿ ತಿದ್ದುವ ಬೋಧಕರು ಇರುವ ಕೋರ್ಸಿಗೆ ಸ್ವಲ್ಪ ಜಾಸ್ತಿ ದುಡ್ಡು ಹೋದರೂ ಚಿಂತೆಯಿಲ್ಲ.

ನಾಲ್ಕು ಗಂಟೆಯ ಆ ಕೋರ್ಸನ್ನು ಚಿಕ್ಕಮ್ಮ ಇವತ್ತಿಗೂ ಮುಗಿಸಿಲ್ಲ. ಎರಡು ಗಂಟೆ 50 ನಿಮಿಷಕ್ಕೆ ನಿಂತಿದೆ. ಉಳಿದದ್ದು ಕಪ್ಪು-ಬಿಳುಪಿಗೆ ಬಣ್ಣ ಹಚ್ಚುವುದು, ಅದು ನನಗೆ ಬೇಡ ಎನ್ನುತ್ತಾರೆ. ಪ್ರಮಾಣಪತ್ರ ಬಂದಿಲ್ಲ. ಹಾಳೆಯಲ್ಲಿ ಹಸಿರು ಸಾಲು ಈಗ 64. ಎರಡು ತುಂಡಾದ ಮೂರು ಫೋಟೋ ಹಾಗೇ ಇವೆ.

ಹೋದ ತಿಂಗಳು ಅವರು ಆ ಹಳೇ 38 ಗಂಟೆಯ ಕೋರ್ಸನ್ನು ಮತ್ತೆ ತೆರೆದರಂತೆ. ಕರ್ವ್ಸ್ ಪಾಠ ಚೆನ್ನಾಗಿದೆ, ಆಗ ಅರ್ಥವಾಗಿರಲಿಲ್ಲ ಎಂದರು. ನಾನೂ ನೋಡಿದೆ. ನಿಜಕ್ಕೂ ಚೆನ್ನಾಗಿದೆ. ಹಾಗೇ ಅಳತೆ ಬದಲಿಸುವ ಪಾಠಕ್ಕೂ ಹೋಗಿ ಬಂದಿದ್ದಾರೆ. ಅದರ ಕೆಳಗೆ ಯಾರೋ ಕೇಳಿದ್ದರು: ಶಿಫ್ಟ್ ಒತ್ತಿದರೂ ಮುಖ ಹಿಗ್ಗುತ್ತಿದೆ, ನಾನು ಏನು ತಪ್ಪು ಮಾಡುತ್ತಿದ್ದೇನೆ? ಬೋಧಕರ ಉತ್ತರ ಇರಲಿಲ್ಲ. ಚಿಕ್ಕಮ್ಮ ಬರೆದಿದ್ದರು: "ಶಿಫ್ಟ್ ಒತ್ತಬೇಡಿ. ಬರೀ ಎಳೆಯಿರಿ. ನಿಮ್ಮ ತಪ್ಪಿಲ್ಲ."